ಮೂಕ ಪುಟಗಳ ಅಕ್ಕೋರು

ಅಕ್ಕೋರು ಫೋನನ್ನು ತಲೆಕೆಳಗು ಮಾಡಿ ಕಿವಿಗೆ ಹಿಡಿಯುತ್ತಿದ್ದರು. ದನಿ ಬರುವ ತೂತು ಫೋನಿನ ತಳದಲ್ಲಿರುತ್ತದೆ, ಅದು ಕಿವಿಗೆ ಸರಿಯಾಗಿ ಕೂರಬೇಕು. ಆ ಅಂಚು ಒತ್ತಿ ಒತ್ತಿ ಅವರ ಬಲಗೆನ್ನೆಯ ಎಲುಬಿನ ಮೇಲೆ ಒಂದು ನುಣುಪು ಗುರುತೇ ಬಿದ್ದಿತ್ತು. ಪರದೆಯ ಮೇಲಿನದನ್ನು ಓದಿ ಹೇಳುವ ಒಳಗಿನ ಯಂತ್ರದ ಹೆಂಗಸು ಎಷ್ಟು ಅವಸರದಲ್ಲಿ ಓದುತ್ತಿದ್ದಳೆಂದರೆ, ಪಕ್ಕದಲ್ಲಿ ನಿಂತವರಿಗೆ ಜೀರುಂಡೆ ಕೂಗಿದ ಹಾಗೆ ಕೇಳಿಸುತ್ತಿತ್ತು. ಅಕ್ಕೋರಿಗೆ ಮಾತ್ರ ಒಂದಕ್ಷರವೂ ತಪ್ಪದೆ ತಿಳಿಯುತ್ತಿತ್ತು. "ಸಾವಕಾಶ ಓದಿದ್ರ ನಂಗ ನಿದ್ದಿ ಬರ್ತೈತಿ" ಎನ್ನುತ್ತಿದ್ದರು.

ತೇರಗಾಂವದ ಕಡೆಯ ಶಾಲೆಗಳಲ್ಲಿ ಬಹಳ ವರ್ಷ ಕಲಿಸಿದವರು. ಹಿಂದೆಂದೋ ಆಫ್ರಿಕಾದಿಂದ ಬಂದ ಸಿದ್ದಿ ಜನಾಂಗದ ಕ್ರಿಶ್ಚಿಯನ್ ಮನೆತನ. ಆಳು ಎತ್ತರ, ತಲೆಗೆ ಅಂಟಿಕೊಂಡಂಥ ಗುಂಗುರು ಕೂದಲು, ಗಡಸು ದನಿ. ಗ್ಲಾಕೋಮಾ ಕಾಯಿಲೆ ಕಣ್ಣನ್ನು ಅಂಚಿನಿಂದ ತಿನ್ನುತ್ತ ಬಂದು, ಕರಿಹಲಗೆಯ ಮೇಲೆ ತಾವೇ ಬರೆದದ್ದು ಕಾಣದಾದಾಗ ಕೆಲಸ ಬಿಟ್ಟರು. ಹಳಿಯಾಳದಲ್ಲಿ ಗೌಂಡಿ ಕೆಲಸ ಮಾಡುವ ತಮ್ಮನ ಮನೆಗೆ ಬಂದು ಉಳಿದರು. ಅದೇ ಓಣಿಯ ತುದಿಯಲ್ಲಿ ನನ್ನ ಡಿಟಿಪಿ ಅಂಗಡಿ. ನಾನು ಮುಂಡಗೋಡ ತಾಲೂಕಿನ ಪಾಳಾದವಳು, ಲಗ್ನವಾಗಿ ಹಳಿಯಾಳಕ್ಕೆ ಬಂದು ಲಗ್ನಪತ್ರಿಕೆ, ಕರಪತ್ರ, ಪುಣ್ಯತಿಥಿಯ ಕಾರ್ಡು ಮಾಡಿಕೊಂಡಿದ್ದವಳು.

ಒಂದು ಮಧ್ಯಾಹ್ನ ಕೋಲು ಬಡಿಯುತ್ತ ಮೆಟ್ಟಿಲು ಹತ್ತಿ ಬಂದವರೇ ಫೋನನ್ನು ನನ್ನ ಟೇಬಲ್ಲಿನ ಮೇಲಿಟ್ಟರು.

"ತಂಗೀ, ಇದು ಮೂಕ ಐತಿ. ಮಾತಾಡಸ್ತೀ ಏನು?"

ಫೋನು ಕೆಟ್ಟಿದೆಯೆಂದು ತಿಳಿದೆ. ಕೆಟ್ಟಿರಲಿಲ್ಲ. ಅದರಲ್ಲಿ ಯಾರೋ ಕಳಿಸಿದ ಒಂದು ಪಿಡಿಎಫ್ ಇತ್ತು. ನನ್ನ ಕಣ್ಣಿಗೆ ಸ್ವಚ್ಛ ಕನ್ನಡ ಪುಟ. ಅವರು ಬೆರಳಿಟ್ಟರೆ ಫೋನು "ಪುಟ ಒಂದು, ಚಿತ್ರ" ಎಂದಷ್ಟೇ ಹೇಳಿ ಸುಮ್ಮನಾಗುತ್ತಿತ್ತು. "ಕಂಪ್ಯೂಟರಿನಾಗ ಹಾಕು. ಮೌಸ್ ಹಿಡದು ಸಾಲಿನ ಮ್ಯಾಲೆ ಎಳಿ. ಅಕ್ಷರಾ ನೀಲಿ ಆದುವೇನು?" ಎಂದರು. ಆಗಲಿಲ್ಲ. "ಆಗೂದಿಲ್ಲ. ಯಾಕಂದ್ರ ಅಲ್ಲಿ ಅಕ್ಷರನ ಇಲ್ಲ. ಕಾಗದದ ಫೋಟೋ ತಗದು ಪಿಡಿಎಫ್ ಅಂತ ಹೆಸರಿಟ್ಟಾರ."

ನಾನು ದಿನವೂ ಪಿಡಿಎಫ್ ಮಾಡುತ್ತಿದ್ದವಳು. ಎಲ್ಲಿಗೆ ಕಳಿಸಿದರೂ ಸಾಲು ಅಲುಗುವುದಿಲ್ಲ, ಗಣಪತಿಯ ಚಿತ್ರ ಜಾಗ ಬಿಡುವುದಿಲ್ಲ, ಪ್ರೆಸ್ಸಿನವರು ಬೈಯುವುದಿಲ್ಲ. ನನಗೆ ಗೊತ್ತಿದ್ದದ್ದು ಅಷ್ಟು. ಹೆಮ್ಮೆಯಿಂದಲೇ ಹೇಳಿದೆ. ಅಕ್ಕೋರು ನಕ್ಕರು. "ನಿಂಗ ಪುಟಾ ಬೇಕು, ನಂಗ ಅಕ್ಷರಾ ಬೇಕು. ಎರಡೂ ಒಂದರಾಗ ಇರಬಹುದು, ಇಡೂ ಮಂದಿ ಬೇಕು."

ಅವರು ಹೀಗೆ ಬರತೊಡಗಿದ್ದು ಒಂದು ಹುಡುಗಿಯ ಸಲುವಾಗಿ. ಜೋಯಿಡಾ ಕಡೆಯ ಕೂಲಿಯವನೊಬ್ಬನ ಮಗಳು, ಹುಟ್ಟುಕುರುಡಿ, ಹಾಸ್ಟೆಲಿನಲ್ಲಿದ್ದು ಎಸ್ಸೆಸ್ಸೆಲ್ಸಿ ಓದುತ್ತಿದ್ದಳು. ಅವಳ ಅಪ್ಪ ಚರ್ಚಿನಲ್ಲಿ ಯಾರೋ ಹೇಳಿದ್ದನ್ನು ಕೇಳಿ ಅಕ್ಕೋರ ಹತ್ತಿರ ಕರೆತಂದಿದ್ದ. ಹುಡುಗಿಗೆ ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ. ಫೋನು ಓದಿ ಹೇಳಿದರೆ ಕಲಿಯುವ ಚುರುಕು ಇತ್ತು. ಆದರೆ ವಾಟ್ಸಾಪ್ ಗುಂಪುಗಳಲ್ಲಿ ಅವಳಿಗೆ ಸಿಕ್ಕ ನೋಟ್ಸೆಲ್ಲ ಒಂದೋ ಮೂಕ, ಇಲ್ಲವೆ ಇನ್ನೂ ಕೆಟ್ಟದ್ದು. ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ ಪಿಡಿಎಫ್‌ಗಳಲ್ಲಿ ಸಾಲು ನೀಲಿಯಾಗುತ್ತಿತ್ತು, ಫೋನು ಓದುತ್ತಲೂ ಇತ್ತು. ಆದರೆ ಏನು ಓದುತ್ತಿತ್ತು? ನಕಲು ಮಾಡಿ ಬೇರೆ ಕಡೆ ಅಂಟಿಸಿ ನೋಡಿದೆ. ಮೇಲೆ 'ಕನ್ನಡ' ಎಂದಿದ್ದದ್ದು ಕೆಳಗೆ ಇಂಗ್ಲಿಷಿನ ಒಡಕು ಅಕ್ಷರ, ಪೌಂಡಿನ ಗುರುತು, ಕೊಂಬು ಕೋರೆ ಆಗಿ ಬಿದ್ದಿತ್ತು.

"ಇದು ಬಡಬಡಿಸ್ತೈತಿ, ಜ್ವರಾ ಬಂದವರ ಗತೆ" ಎಂದರು ಅಕ್ಕೋರು. "ಮುಖಾ ಕನ್ನಡ, ಹೊಟ್ಟ್ಯಾಗ ಬ್ಯಾರೇನೋ. ಮೂಕ ಇದ್ರ ಗೊತ್ತಾಗ್ತೈತಿ. ಬಡಬಡಿಸೂದನ್ನ ಆ ಹುಡುಗಿ ಪಾಠ ಅಂತ ಕೇಳಕೋತ ಕುಂತಿತ್ತು."

ಅವತ್ತಿನಿಂದ ಕೆಲಸ ಶುರುವಾಯಿತು. ಬಡಬಡಿಸುವುದನ್ನು, ಯಾವ ಯಂತ್ರಕ್ಕೂ ಕನ್ನಡವೆಂದೇ ತಿಳಿಯುವ ಯೂನಿಕೋಡಿಗೆ ತಿರುಗಿಸಿ ತಿದ್ದುವುದು, ಮೂಕವಾದದ್ದನ್ನು ಕೂತು ಟೈಪ್ ಮಾಡುವುದು. ಗಿರಾಕಿ ಇಲ್ಲದ ಹೊತ್ತಿನಲ್ಲೆಲ್ಲ ಅದೇ. ಅಕ್ಕೋರು ಸ್ಟೂಲಿನ ಮೇಲೆ ಕೂತು ಪ್ರತಿ ಪುಟ ಕೇಳುತ್ತಿದ್ದರು. ಎರಡು ಕಾಲಮ್ಮಿನ ಪುಟವನ್ನು ಫೋನು ಅಡ್ಡಡ್ಡ ಓದಿ, ಎಡಗಡೆಯ ಯುದ್ಧವನ್ನು ಬಲಗಡೆಯ ಒಪ್ಪಂದಕ್ಕೆ ಗಂಟುಹಾಕಿದರೆ ಕೋಲನ್ನು ನೆಲಕ್ಕೆ ಕುಟ್ಟುತ್ತಿದ್ದರು. ಶೀರ್ಷಿಕೆಯನ್ನು ಬರೀ ದಪ್ಪ ಮಾಡಿದರೆ ಸಾಲದು, ಇದು ಶೀರ್ಷಿಕೆ ಎಂದು ಒಳಗೆ ಗುರುತು ಹಾಕಬೇಕು. ಆಗಲೇ ಹುಡುಗಿ ಒಂದು ಪಾಠದಿಂದ ಇನ್ನೊಂದಕ್ಕೆ ಜಿಗಿಯಬಲ್ಲಳು. ನಾನು ಮರೆತರೆ, "ಬಾಗಲಾ ಇಲ್ಲದ ಮನಿ ಕಟ್ಟೀ ನೋಡು" ಎಂದು ಬೈಯುತ್ತಿದ್ದರು. ಅವರ ಬಾಯಿ ಸಣ್ಣದಲ್ಲ. ಒಮ್ಮೆ ಗಿರಾಕಿಗಳ ಎದುರಿಗೇ ಹೀಗಂದರೆಂದು ಅತ್ತುಬಿಟ್ಟೆ. ಮೂಗಿನ ಸೊರಸೊರ ಕೇಳಿಸಿರಬೇಕು. "ಅಳೂದು ಮುಗಿಸಿ ಹದಿನಾಲ್ಕನೇ ಪುಟಾ ತಗಿ" ಎಂದರು, ಅಷ್ಟೇ.

ಚಿತ್ರಗಳಿಗೆ ಮಾತು ಬರೆಯುವುದು ಅವರದೇ ಕೆಲಸ. ಕಣ್ಣಿದ್ದಾಗ ವರ್ಷವರ್ಷವೂ ಹಲಗೆಯ ಮೇಲೆ ಬಿಡಿಸಿದ ಚಿತ್ರಗಳು ತಲೆಯಲ್ಲಿದ್ದವು. ಗೊತ್ತಿಲ್ಲದ್ದನ್ನು ನಾನು ನೋಡಿ ಹೇಳುತ್ತಿದ್ದೆ. ವಿಜ್ಞಾನದಲ್ಲಿ ಮನುಷ್ಯನ ಕಣ್ಣಿನ ಪಾಠ ಬಂತು. ನಾನು ಆ ಪುಟ ದಾಟಿಸಲು ನೋಡಿದೆ. ಅವರಿಗೆ ಗೊತ್ತಾಯಿತು.

"ಯಾಕ, ಕಣ್ಣಂದ್ರ ನಂಗ ಹೆದರಿಕಿ ಅಂತ ತಿಳದೀ ಏನು? ಬರಕೋ."

ನಿಧಾನವಾಗಿ, ಪುಸ್ತಕದ ಭಾಷೆಯಲ್ಲಿ ಹೇಳಿದರು: "ಒಂದು ಗುಂಡು. ಮುಂಭಾಗ ಎಡಕ್ಕಿದೆ, ಅಲ್ಲಿ ತುಸು ಉಬ್ಬಿದ ಪಾರದರ್ಶಕ ಪೊರೆ. ಅದರ ಹಿಂದೆ ಪರದೆ, ಪರದೆಯ ನಡುವೆ ತೂತು. ತೂತಿನ ಹಿಂದೆ ಮಸೂರ. ಅಡುಗೆಮನೆಯ ಮಸೂರದ ಕಾಳನ್ನು ಬೆರಳಲ್ಲಿ ಹಿಡಿದು ನೋಡು, ಅದೇ ಆಕಾರ. ಗುಂಡಿನ ಹಿಂಗೋಡೆಗೆ ಒಳಗಿನಿಂದ ಅಕ್ಷಿಪಟಲ. ಅಲ್ಲಿಂದ ಒಂದು ನರ ಹಗ್ಗದ ಹಾಗೆ ಹೊರಟು ಮಿದುಳಿಗೆ ಹೋಗುತ್ತದೆ."

ಆಮೇಲೆ ತಮ್ಮ ಮಾತಿನಲ್ಲಿ ಸೇರಿಸಿದರು. "ನಂದು ಈ ಹಗ್ಗನ ಒಣಗೈತಿ. ಅದನ್ನ ಬರೀಬ್ಯಾಡ. ಪರೀಕ್ಷಾಕ್ಕ ಬರೂದಿಲ್ಲ."

ಆ ಮಳೆಗಾಲ ಮುಗಿಯುವ ಹೊತ್ತಿಗೆ ಅವರಿಗೆ ಹೊಟ್ಟೆನೋವು ಹತ್ತಿತು. ಊಟ ಸೇರದಾಯಿತು, ಸೀರೆಯ ನೆರಿಗೆ ಹೆಚ್ಚಾಗತೊಡಗಿತು. ತಮ್ಮ ಅವರನ್ನು ಧಾರವಾಡದ ಮೇಲೆ ಹುಬ್ಬಳ್ಳಿಯ ಆಸ್ಪತ್ರೆಗೆ ಕರೆದುಕೊಂಡು ಹೋದ. ಅಲ್ಲಿ ಸಾಲಿನಲ್ಲಿ ಕೂತಾಗ ಪಕ್ಕದವರೊಬ್ಬರು ಇಂಗ್ಲಿಷಿನಲ್ಲಿ ಯಾವ ದೇಶದವರು ಎಂದು ಕೇಳಿದರಂತೆ. "ಹಳಿಯಾಳ ತಾಲೂಕ್ರೀ, ನೀವು?" ಎಂದರಂತೆ ಅಕ್ಕೋರು. ಬಂದು ಇದನ್ನೊಂದೇ ಹೇಳಿದರು. ಹೊಟ್ಟೆಯೊಳಗಿನ ಚೂರು ತೆಗೆದು ಪರೀಕ್ಷೆಗೆ ಕಳಿಸಿದ್ದು ಹೇಳಲಿಲ್ಲ.

ಕೆಲವು ದಿನದ ಮೇಲೆ, ನಾನು ಶಟರ್ ಎತ್ತುತ್ತಿದ್ದಾಗಲೇ ಬಂದು ನಿಂತಿದ್ದರು.

"ತಂಗೀ, ಇದೂ ಮೂಕ ಐತಿ. ಅಕ್ಷರಾ ಮಾಡಿ ಕೊಡು."

"ಏನ್ರಿ ಇದು ಅಕ್ಕೋರ?"

"ನಂದು ರಿಪೋರ್ಟ್. ನೀ ಓದಬ್ಯಾಡ. ಮಾಡಿ ಕೊಡು ಅಷ್ಟ."

ಇಂಗ್ಲಿಷಿನಲ್ಲಿದ್ದ ಕಾಗದವನ್ನು ಯಾರೋ ಫೋಟೋ ತೆಗೆದು ಪಿಡಿಎಫ್ ಮಾಡಿ ಕಳಿಸಿದ್ದರು. ತಮ್ಮನಿಗೆ ಇಂಗ್ಲಿಷು ಬಾರದು. ಡಾಕ್ಟರು ಹೇಳುವ ಮುಂಚೆ, ಬೇರೆಯವರ ದನಿಯಲ್ಲಿ ಮರುಕ ಕೇಳುವ ಮುಂಚೆ, ತಾವೇ ಓದಬೇಕೆಂಬುದು ಅವರ ಹಟ. ಚಿತ್ರದಿಂದ ಅಕ್ಷರ ಹೆಕ್ಕುವ ತಂತ್ರಾಂಶ ನನ್ನ ಹತ್ತಿರ ಇತ್ತು. ಆದರೆ ಅದು ತಪ್ಪು ಮಾಡುತ್ತದೆ. ಸಾಲು ಸಾಲು ತಾಳೆ ನೋಡದೆ ಕೊಟ್ಟರೆ 'ಇಲ್ಲ' ಎಂಬುದು ಬಿಟ್ಟುಹೋಗಿ 'ಇದೆ' ಆದೀತು. ಹಾಗೆಂದು ಹೇಳಿದೆ.

ಅಕ್ಕೋರು ಕೋಲನ್ನು ಗೋಡೆಗೆ ಒರಗಿಸಿ ಸ್ಟೂಲಿನ ಮೇಲೆ ಕೂತರು. "ಹಂಗಾರ ಓದು. ಆದ್ರ ಬಾಯಿ ಬಿಡಬ್ಯಾಡ."

ಓದಿದೆ. ಮೂರನೆಯ ಸಾಲಿನಲ್ಲಿತ್ತು. ಆ ಕ್ಯಾನ್ಸರಿನ ಹೆಸರು ಉದ್ದವಾಗಿ, ಸಾಲಿನ ತುದಿಯಲ್ಲಿ ಹಿಡಿಸದೆ ಎರಡು ತುಂಡಾಗಿತ್ತು. ಅರ್ಧ ಮೇಲೆ, ಅರ್ಧ ಕೆಳಗೆ. ಹಾಗೇ ಬಿಟ್ಟರೆ ಫೋನು ಅದನ್ನು ಅರ್ಥವಿಲ್ಲದ ಎರಡು ಸದ್ದಾಗಿ ಓದಿ ಮುಂದೆ ಹೋಗುತ್ತದೆ. ಅಕ್ಕೋರಿಗೆ ತಿಳಿಯದೆಯೂ ಹೋಗಬಹುದು. ನನ್ನ ಬೆರಳು ಕೀಲಿಯ ಮೇಲೆ ನಿಂತಿತ್ತು. ಹೊರಗೆ ದಾಂಡೇಲಿಯ ಬಸ್ಸು ಹಾರ್ನ್ ಹೊಡೆಯುತ್ತ ಹೋಯಿತು. ನಡುವಿನ ಅಡ್ಡಗೆರೆ ಅಳಿಸಿ ಎರಡು ತುಂಡನ್ನೂ ಜೋಡಿಸಿದೆ. ಆ ಶಬ್ದವನ್ನು ಅವರ ಸಲುವಾಗಿ ಪೂರ್ತಿ ಮಾಡಿದವಳು ನಾನು.

ಫೋನಿಗೆ ಕಳಿಸಿದೆ. ಅಕ್ಕೋರು ಕಿವಿಗಿಟ್ಟರು. ಮೊದಲ ಸಲ ಆ ಹೆಂಗಸಿನ ವೇಗ ತಗ್ಗಿಸಿದರು. ನನಗೂ ಕೇಳುವಷ್ಟು ನಿಧಾನವಾಗಿ ಅವಳು ಓದಿದಳು, ಮಾರುಕಟ್ಟೆಯ ದರ ಹೇಳುವ ದನಿಯಲ್ಲಿ. ಅಕ್ಕೋರು ಆ ಸಾಲಿಗೆ ಮತ್ತೊಮ್ಮೆ ಹೋದರು. ಆಮೇಲೆ ಫೋನನ್ನು ಮಡಿಲಲ್ಲಿಟ್ಟು, ಸೆರಗಿನಿಂದ ಅದರ ಗಾಜು ಒರೆಸಿದರು.

"ಚೊಲೋ ಮಾಡೀ. ಎಲ್ಲೂ ತಡವರಿಸಲಿಲ್ಲ."

ನಾನು ಆ ಫೈಲನ್ನು ಮುಚ್ಚಿದೆ.

"ಚಾ ಹೇಳು. ಮತ್ತ ವಿಜ್ಞಾನದಾಗ ಎಷ್ಟ ಪಾಠ ಉಳದಾವ, ನೋಡು."

ಚಿಕಿತ್ಸೆಗೆ ಹೋದರು, ಬಂದರು, ಮತ್ತೆ ಹೋಗಲು ಒಲ್ಲೆನೆಂದರು. ಅಂಗಡಿಗೆ ಬರಲಾಗದಾದಾಗ ನಾನೇ ಲ್ಯಾಪ್‌ಟಾಪ್ ಹಿಡಿದು ಅವರ ಮನೆಗೆ ಹೋಗತೊಡಗಿದೆ. ಕಿಟಕಿಯ ಕೆಳಗಿನ ಮಂಚ, ಪಕ್ಕದಲ್ಲಿ ವಾಂತಿಗೆ ಒಂದು ಡಬರಿ. ಪುಸ್ತಕದ ಕ್ರಮ ಬಿಟ್ಟು, ಪರೀಕ್ಷೆಗೆ ಹೆಚ್ಚು ಬರುವ ಪಾಠ ಮೊದಲು ಎಂದರು. ತಮ್ಮನ ಹೆಂಡತಿ ಬಾಗಿಲಲ್ಲಿ ನಿಂತು, "ಸಾಕ್ ಮಾಡ್ರಿ ಅಕ್ಕಾ, ಮಲಗ್ರಿ" ಎನ್ನುತ್ತಿದ್ದಳು. "ಮಲಗೂದ ಐತಲ್ಲ ಮುಂದ" ಎಂದು ಅವಳನ್ನು ಕಳಿಸುತ್ತಿದ್ದರು. ಒಮ್ಮೆ ಮಾತ್ರ, ನನ್ನ ಮಣಿಕಟ್ಟು ಹಿಡಿದು, "ಹೆದರಿಕಿ ಆಗ್ತೈತಿ ತಂಗೀ" ಎಂದರು. ಅವರ ಕೈ ಬಿಸಿಯಾಗಿತ್ತು. ಅದನ್ನು ಹಿಡಿದು ಕೂತೆ.

ನೋವಿನ ಔಷಧಿ ಹೆಚ್ಚಿಸಿದ ಮೇಲೆ ಮಾತು ಜಾರತೊಡಗಿತು. ವಿದ್ಯುತ್ತಿನ ಪಾಠದಲ್ಲಿ ತಂತಿಯ ಚಿತ್ರ ಹೇಳುತ್ತ ಹೇಳುತ್ತ ಅದು ಯಾವುದೋ ಹಳ್ಳದ ಸೇತುವೆಯಾಯಿತು, ಸೇತುವೆಯ ಮೇಲೆ ಅವರ ಅವ್ವ ಕಟ್ಟಿಗೆ ಹೊತ್ತು ಬರುತ್ತಿದ್ದಳು, ಮಾತು ಕೊಂಕಣಿಯಾಯಿತು. ನಾನು ಟೈಪ್ ಮಾಡುವುದನ್ನು ನಿಲ್ಲಿಸಿದೆ. ಕೀಲಿಯ ಸದ್ದು ನಿಂತದ್ದು ಅವರನ್ನು ಎಚ್ಚರಿಸಿತು.

"ಏನಂದೆ ನಾ?"

"ಏನಿಲ್ರಿ ಅಕ್ಕೋರ."

"ನಾನ ಬಡಬಡಿಸಾಕತ್ತೇನಿ." ಮುಖ ಗೋಡೆಗೆ ತಿರುಗಿಸಿದರು. "ಬರಕೋಬ್ಯಾಡ. ಅಳಿಸು."

ಅದಾದ ಮೇಲೆ ನಮ್ಮ ಕೆಲಸ ನಡೆಯಲಿಲ್ಲ. ಪರೀಕ್ಷೆ ಇನ್ನೂ ಮುಂದಿರುವಾಗಲೇ, ಒಂದು ಬೆಳಿಗ್ಗೆ ಹೋದರು.

ಅವರ ಊರಿನ ಚರ್ಚಿನ ಹಿಂದೆ ಮಣ್ಣು ಮಾಡಿದರು. ಜೋಯಿಡಾದ ಹುಡುಗಿ ಅಪ್ಪನ ಜೊತೆ ಬಸ್ಸಿನಲ್ಲಿ ಬಂದಿದ್ದಳು. ಮುಚ್ಚುವ ಮುಂಚೆ ಜನ ಅವಳನ್ನು ಶವಪೆಟ್ಟಿಗೆಯ ಹತ್ತಿರ ಬಿಟ್ಟರು. ಫೋನಿನಲ್ಲಿ ಕೇಳಿದ್ದ ನನ್ನ ದನಿ ಗುರುತು ಹಿಡಿದು ತೋಳು ತಡವಿದಳು. "ಅಕ್ಕಾ, ಟೀಚರ್ ಹೆಂಗ ಅದಾರ್ರಿ ಈಗ?"

ಸುತ್ತಲಿನ ಹೆಂಗಸರು ಅಳುತ್ತಿದ್ದರು. ನಾನು ಕಂಡದ್ದನ್ನು ಹೇಳಿದೆ. "ಬಿಳಿ ಸೀರಿ ಉಡಿಸ್ಯಾರ. ಎರಡೂ ಕೈ ಎದೀ ಮ್ಯಾಲೆ ಅದಾವು, ಬೆರಳಾಗ ಜಪಮಾಲಿ ಸುತ್ಯಾರ. ಮುಖಾ ಭಾಳ ಸಣ್ಣಾಗೇತಿ. ಬಾಯಿ ಒಂದೀಟು ತಗದೈತಿ. ಕೂದಲಾ ಹಂಗ ಐತಿ, ಗುಂಗುರು." ಹುಡುಗಿ ಕೇಳುತ್ತ ತಲೆಯಾಡಿಸಿದಳು, ಬಗ್ಗಿ ಆ ಕೂದಲನ್ನು ಮುಟ್ಟಿದಳು.

ಆ ವರ್ಷ ಅವಳು ಬೇರೆಲ್ಲ ವಿಷಯಗಳಲ್ಲಿ ಪಾಸಾದಳು, ವಿಜ್ಞಾನದಲ್ಲಿ ಫೇಲಾದಳು. ಫೋನು ಮಾಡಿ, "ನಾವು ಮಾಡದ ಪಾಠಗಳದ್ದ ಭಾಳ ಬಂದಿತ್ರಿ" ಎಂದಳು. ದೂರುವ ದನಿ ಇರಲಿಲ್ಲ, ನಡೆದದ್ದು ಹೇಳುವ ದನಿ. ಮರುಪರೀಕ್ಷೆಗೆ ಹೊತ್ತು ಕಡಿಮೆ ಇತ್ತು. ಲಗ್ನಸರಾಯಿಯ ಪತ್ರಿಕೆಗಳ ಕೆಲಸವನ್ನು ಓಣಿಯ ಇನ್ನೊಂದು ಅಂಗಡಿಗೆ ಕಳಿಸಿ, ಉಳಿದ ಪಾಠಗಳನ್ನು ಹಿಡಿದು ಕೂತೆ. ಟೈಪಿಂಗು ನನ್ನ ಕಸುಬು, ಅದು ಆಯಿತು. ಚಿತ್ರಗಳಿಗೆ ಮಾತು ಹುಡುಕುವಾಗ ಬೆವರಿದೆ. ಅಯಸ್ಕಾಂತದ ಸುತ್ತಲಿನ ಬಲರೇಖೆಗಳ ಚಿತ್ರವನ್ನು ಎಷ್ಟು ಸಲ ಬರೆದು ಅಳಿಸಿದೆನೋ. ಕೊನೆಗೆ, ಒಂದು ಕಂಬದ ತಲೆಯಿಂದ ನೀರು ಚಿಮ್ಮಿ ಎರಡೂ ಕಡೆ ಬಾಗಿ ಬುಡಕ್ಕೆ ಬಂದು ಸೇರಿದ ಹಾಗೆ ಎಂದು ಬರೆದು ಕಳಿಸಿದೆ.

ಮರುದಿನ ಹುಡುಗಿಯ ಫೋನು ಬಂತು.

"ಅಕ್ಕಾ, ಈ ಅಯಸ್ಕಾಂತದ್ದು ಟೀಚರ್ ಹೇಳಿ ಬರಿಸಿದ್ದೇನ್ರಿ?"

"ಅಲ್ಲವಾ. ನಾನ ಬರದೇನಿ."

"ಅಲ್ಲ ಅಂತ ಕೇಳೂವಾಗನ ಗೊತ್ತಾತ್ರಿ" ಎಂದಳು. "ಆದ್ರ ಚಿತ್ರಾ ತಿಳೀತು."