ನಲವತ್ತಮೂರು ಕೆಂಪು ಚೀಟಿ

ಅವರ ನಿಜವಾದ ಹೆಸರು ಹಾಜರಿ ಪುಸ್ತಕಕ್ಕಷ್ಟೇ ಗೊತ್ತಿತ್ತು. ಉಳಿದವರ ಬಾಯಲ್ಲೆಲ್ಲ ಅವರು ಕೆಂಪುಚೀಟಿ ಮಾಸ್ತರು. ಹದಿನಾಲ್ಕು ದೇಶಗಳಲ್ಲಿ ಬೇರಿಂಗ್ ತಯಾರಿಸುವ ಕಂಪನಿಯ ಒಂದು ಶಾಖೆಯಲ್ಲಿ ಮೂವತ್ತೊಂದು ವರ್ಷ ತಪಾಸಣೆ ಮಾಡಿದವರು. ಕೂದಲೆಳೆಯಷ್ಟು ವ್ಯತ್ಯಾಸ ಕಂಡರೂ ಆ ಪೆಟ್ಟಿಗೆಗೆ ಕೆಂಪು ಚೀಟಿ ಬೀಳುತ್ತಿತ್ತು. ಕಟ್ಟಿದವರೇ ಸಹಿ ಹಾಕಿ ಬಿಚ್ಚಬೇಕು, ಮ್ಯಾನೇಜರಾದರೂ ಮುಟ್ಟುವಂತಿಲ್ಲ ಎನ್ನುವುದು ಹದಿನಾಲ್ಕೂ ದೇಶಗಳಿಗೆ ಒಂದೇ ನಿಯಮ. ಮನೆಯಲ್ಲಿ ಚೀಟಿ ಇರಲಿಲ್ಲ, ಆ ಕೆಲಸವನ್ನು ನಾಲಿಗೆಯೇ ಮಾಡುತ್ತಿತ್ತು. ಹೆಂಡತಿ ಮಡಚಿಟ್ಟ ಹೊದಿಕೆಯ ಅಂಚು ಕೂಡಿಲ್ಲವೆಂದು ಬಿಚ್ಚಿ ಮತ್ತೆ ಮಡಚುವ ಗಂಡಸು.

ಇಂಥವರ ನಿವೃತ್ತಿಗೆ ಒಂದೇ ತಿಂಗಳು ಉಳಿಯಿತು. ಮನೆಯಲ್ಲಿ ಸುಮ್ಮನೆ ಕೂರುವುದನ್ನು ನೆನೆದರೇ ಅವರಿಗೆ ಎದೆ ಧಸಕ್ಕೆನ್ನುತ್ತಿತ್ತು. ಹೆಂಡತಿಗೆ ಅದಕ್ಕಿಂತ ಜೋರಾಗಿ. ಎರಡು ವರ್ಷ ಮುಂದುವರಿಸಿ ಎಂದು ಅರ್ಜಿ ಕೊಟ್ಟಿದ್ದರು. ಮ್ಯಾನೇಜರು ಅದನ್ನು ಮೇಜಿನ ಮೇಲಿಟ್ಟುಕೊಂಡು, "ಕೊನೇ ತಿಂಗಳು ಸಿಎಸ್ಆರ್, ಅಂದ್ರೆ ಕಂಪನಿ ದಾನಧರ್ಮದ ಕೆಲಸ ನೋಡ್ಕೊಳ್ಳಿ, ಆರಾಮಾಗಿರತ್ತೆ. ಹಿಂದಿನ ಬೀದಿ ಶಾಲೆಗೆ ಅರವತ್ತು ಬೆಂಚು ಕೊಟ್ಟಿದ್ದೀವಿ. ಒಂದು ಸಹಿ ಹಾಕಿದ್ರೆ ಮುಗೀತು. ಮುಖ್ಯ ಕಚೇರಿಯಿಂದ ಮೇಡಂ ಬಂದು ಫೋಟೋ ತೆಗೆಸ್ಕೊಂಡು ಹೋಗ್ತಾರೆ," ಎಂದರು.

ನೋಡದೆ ಸಹಿ ಹಾಕುವುದು ಮಾಸ್ತರರ ಜಾತಕದಲ್ಲೇ ಬರೆದಿರಲಿಲ್ಲ. ಶಾಲೆಗೆ ಹೋಗಿ ಮಂಡಿಯೂರಿ ಬೆಂಚಿನಡಿ ಹೆಬ್ಬೆರಳು ಆಡಿಸಿದರು. ಬೋಲ್ಟಿನ ತುದಿ ಚೂಪಾಗಿ ಹೊರಗೆ ಚಾಚಿತ್ತು, ಸರಿಯಾಗಿ ಮಕ್ಕಳ ಮೊಣಕಾಲು ಬರುವ ಕಡೆ.

"ಬಲಗಡೆ ಕೂತ್ಕೋಬಾರ್ದು ತಾತ, ಗೀರತ್ತೆ," ಎಂದು ಒಬ್ಬ ಹುಡುಗಿ ಮೊಣಕಾಲಿನ ಕೆಂಪು ಗೆರೆ ತೋರಿಸಿದಳು. "ನಾವು ಸರದಿ ಪ್ರಕಾರ ಕೂತ್ಕೋತೀವಿ. ಇವತ್ತು ನಂದು."

ಮುಖ್ಯೋಪಾಧ್ಯಾಯಿನಿ ಮುಜುಗರದಿಂದ, "ಪುಕ್ಕಟೆ ಕೊಟ್ಟಿದ್ದೀರಿ ಸಾರ್, ಹೇಗ್ರೀ ದೂರೋದು?" ಎಂದರು.

"ಪುಕ್ಕಟೆ ಅಂತ ಮೊಣಕಾಲಿಗೆ ಗೊತ್ತಾಗತ್ತೇನಮ್ಮ?" ಎಂದ ಮಾಸ್ತರರು ಸಂಜೆಯೊಳಗೆ ನಲವತ್ತಮೂರು ಬೆಂಚುಗಳಿಗೆ ಕೆಂಪು ಚೀಟಿ ಕಟ್ಟಿದರು.

ಮ್ಯಾನೇಜರು ಕೆಂಡಾಮಂಡಲವಾದರು. "ಏನ್ರೀ ಇದು! ದಾನ ಕೊಟ್ಟ ಬೆಂಚಿಗೂ ತಪಾಸಣೇನಾ? ನಾಳೆ ಮೇಡಂ ಬರ್ತಾರೆ. ಬಿಚ್ಚಿ ಬನ್ನಿ, ನಿಮ್ಮ ಅರ್ಜಿಗೆ ಸಹಿ ಹಾಕ್ತೀನಿ."

ಮಾಸ್ತರರು ಕತ್ತರಿ ಹಿಡಿದು ಹೋದದ್ದು ನಿಜ. ಅವರೇನು ಸಂತರಲ್ಲ, ಕೆಲಸ ಬೇಕಾಗಿತ್ತು. ಖಾಲಿ ತರಗತಿಯಲ್ಲಿ ಮೊದಲ ಬೆಂಚಿನ ಮುಂದೆ ತುಂಬ ಹೊತ್ತು ನಿಂತರು. ನಾಳೆ ಆ ಜಾಗದಲ್ಲಿ ಯಾರ ಸರದಿಯೋ ಎಂದುಕೊಂಡರು. ಕತ್ತರಿಯನ್ನು ಜೇಬಿಗೆ ಹಾಕಿಕೊಂಡು ಮನೆಗೆ ಹೋದರು.

ಮರುದಿನ ಮೇಡಂ ಬಂದಾಗ ಮ್ಯಾನೇಜರು ಹಲ್ಲು ಕಿರಿಯುತ್ತ, ಚೀಟಿಗಳು ಮಕ್ಕಳು ಮಾಡಿದ ಸಿಂಗಾರ ಎಂದರು. ಬುರುಡೆ ಬಿಟ್ಟ ಜಾಗ ಮಾತ್ರ ಸರಿಯಿರಲಿಲ್ಲ. ಆಕೆ ಮೊದಲು ಕೆಲಸಕ್ಕೆ ಸೇರಿದ್ದೇ ಇನ್ನೊಂದು ದೇಶದ ಶಾಖೆಯಲ್ಲಿ, ಇದೇ ಚೀಟಿ ಬರೆಯುವ ಜಾಗಕ್ಕೆ. ಬಗ್ಗಿ ಬೆಂಚಿನಡಿ ಕೈಯಾಡಿಸಿ, ಫೋಟೋದವನಿಗೆ ಸಾಕು ಎಂದು ಸನ್ನೆ ಮಾಡಿದರು. ನಲವತ್ತಮೂರೂ ದುರಸ್ತಿಗೆ ಹೋಗಲಿ, ನಿಯಮದಂತೆ ಚೀಟಿ ಕಟ್ಟಿದ ನೌಕರರೇ ಬಿಚ್ಚಲಿ, ಅದರ ಫೋಟೋ ತನಗೆ ಬರಲಿ ಎಂದು ಹೇಳಿ, ಮಾಸ್ತರರ ಕೈ ಕುಲುಕಿ, ವಿಮಾನ ಹತ್ತಿದರು.

ಕೈ ಕುಲುಕಿದ್ದರಿಂದ ಅರ್ಜಿಗೆ ಸಹಿಯೇನೂ ಬೀಳಲಿಲ್ಲ. ಸಿಟ್ಟು ಮೂಗಿನ ತುದಿಯಲ್ಲಿದ್ದ ಮ್ಯಾನೇಜರು ತಿಂಗಳ ಕೊನೆಗೆ ಮಾಸ್ತರರಿಗೆ ಒಂದು ಹಾರ ಹಾಕಿ, ಗೋಡೆ ಗಡಿಯಾರ ಕೊಟ್ಟು ಕಳಿಸಿದರು.

ಮನೆಯಲ್ಲಿ ಎರಡೇ ದಿನ. ಅಷ್ಟರಲ್ಲಿ ಮಾಸ್ತರರು ಡಬ್ಬಿಗಳನ್ನೆಲ್ಲ ಎತ್ತರದ ಪ್ರಕಾರ ಜೋಡಿಸಿದ್ದರು, ಹೆಂಡತಿಗೆ ಉಪ್ಪು ಯಾವುದು, ಸೋಡ ಯಾವುದು ತಿಳಿಯದಾಗಿತ್ತು. ಆಕೆ ತಂಗಿಯ ಮನೆಗೆ ಹೊರಡಲು ಚೀಲ ತುಂಬುತ್ತಿದ್ದಾಗ ಬಾಗಿಲು ಬಡಿದದ್ದು ಖುದ್ದು ಮ್ಯಾನೇಜರು. ದುರಸ್ತಿಯಾದ ಬೆಂಚುಗಳು ಬಂದು ನಿಂತಿದ್ದವು, ಚೀಟಿ ಕಟ್ಟಿದವರು ಈಗ ನೌಕರರಲ್ಲ, ಬೇರೆಯವರು ಮುಟ್ಟುವಂತಿಲ್ಲ. ಮೇಡಂ ಮೂರು ಸಲ ಫೋಟೋ ಕೇಳಿದ್ದರು.

"ಎರಡು ವರ್ಷ ಮುಂದುವರಿಸಿದ್ದೀವಿ," ಎಂದು ಪತ್ರ ಚಾಚಿದರು. "ನಡೀರಿ, ಕಾರು ತಂದಿದ್ದೀನಿ."

ಮಾಸ್ತರರ ಕಣ್ಣು ತುಂಬಿತು. ಕನ್ನಡಕ ಹಾಕಿಕೊಂಡು ಓದಿದರು. ಇನ್ನೊಂದು ಸಲ ಓದಿದರು. ಪತ್ರವನ್ನು ಮಡಚಿ ವಾಪಸ್ ಕೊಟ್ಟರು.

"ಒಂದನೇ ತಾರೀಖಿಂದ ಕೆಲಸದಲ್ಲಿದ್ದೀನಿ ಅಂತ ಹಾಕಿದ್ದೀರಿ. ಇವತ್ತು ಮೂರು. ನಿನ್ನೆ ಮೊನ್ನೆ ನಾನು ಮನೇಲಿದ್ದೆ. ಸರಿ ಮಾಡಿಸ್ಕೊಂಡು ಬನ್ನಿ ಸಾರ್."

ಹೆಂಡತಿ ಚೀಲವನ್ನು ಅಲ್ಲೇ ಬಿಟ್ಟು ಓಡಿ ಬಂದು, ಗಂಡನ ಚಪ್ಪಲಿಗಳನ್ನು ಎತ್ತಿ ಮ್ಯಾನೇಜರ ಕೈಗಿತ್ತಳು. "ಇವರನ್ನ ಮೊದಲು ಕಾರಲ್ಲಿ ಕೂರಿಸಿ ಸಾರ್. ತಾರೀಖು ದಾರೀಲಿ ತಿದ್ದಿದ್ರಾಯ್ತು."