ಎಂಬಕಸಿ ಅಂಕಲ್‌ಗೆ ಬಿದ್ದ ವೋಟುಗಳು

ನಾಲ್ಕು ಡಜನ್ ಬಾಲ್‌ಪೆನ್ನು, ಎಂಬಕಸಿಯಿಂದ ವೆಸ್ಟ್‌ಲ್ಯಾಂಡ್ಸ್‌ನ ಹಾಲ್‌ಗೆ ಜನರನ್ನು ಕರೆತರಲು ಒಂದಿಡೀ ಮಟಾಟು ವ್ಯಾನು, ಜೊತೆಗೆ ನನ್ನ ಅಂಗಡಿಯ ಎರಡು ಶನಿವಾರದ ವ್ಯಾಪಾರ. ನೈರೋಬಿಯ ನಮ್ಮ ಸಣ್ಣ ಕನ್ನಡ ಕೂಟದ ಉಪಾಧ್ಯಕ್ಷ ಸ್ಥಾನಕ್ಕೆ ಒಬ್ಬರನ್ನು ನಿಲ್ಲಿಸಲು ನನಗೆ ತಗುಲಿದ್ದು ಇಷ್ಟು. ಪೆನ್ನು ಯಾಕೆಂದರೆ, ಅವರು ಮನಸ್ಸು ಮಾಡುವ ಹೊತ್ತಿಗೆ ಮತಪತ್ರ ಅಚ್ಚಾಗಿಹೋಗಿತ್ತು. ಕೊನೆಯಲ್ಲಿ ಒಂದು ಖಾಲಿ ಗೆರೆ ಇತ್ತು. ಬೇಕಾದವರ ಹೆಸರನ್ನು ಅಲ್ಲಿ ಬರೆಯಬಹುದಿತ್ತು.

ಅವರು ಮಂಗಳೂರು ಕಡೆಯ ಕ್ರೈಸ್ತರು, ಮನೆ ಎಂಬಕಸಿಯಲ್ಲಿ. ವಿಮಾನದಲ್ಲಿ ಬಂದ ನನ್ನ ಸರಕನ್ನು ಕಸ್ಟಮ್ಸ್‌ನಿಂದ ಬಿಡಿಸಿಕೊಡುತ್ತಿದ್ದವರು. ಒಂದು ವರ್ಷ ಕೂಟದ ವಾರ್ಷಿಕ ಊಟ ಮುಗಿಸಿ, ಕುಡಿದೇ ಕಾರು ಓಡಿಸಿ ಲ್ಯಾವಿಂಗ್ಟನ್‌ನಲ್ಲಿ ಯಾರದೋ ಗೇಟಿಗೆ ಗುದ್ದಿದ್ದರು. ಹಿಂದಿನ ಸೀಟಿನಲ್ಲಿದ್ದ ಮಗಳ ಹಣೆಯ ಮೇಲೆ ಹೊಲಿಗೆಯ ಗುರುತು ಉಳಿಯಿತು. ಅಂದಿನಿಂದ ಕುಡಿತ ಬಿಡಿಸುವ ಪ್ರಾರ್ಥನೆಗೆಂದು ಮನೆಮನೆಗೆ ಹೋಗತೊಡಗಿದರು. ನಮ್ಮ ಮನೆಗೂ ಬಂದಿದ್ದರು. ಟೀ ಕುಡಿದು, ಕಪಾಟಿನಲ್ಲಿದ್ದ ನನ್ನ ಬಾಟಲಿಯನ್ನು ನೋಡಿಯೂ ನೋಡದವರಂತೆ ಎದ್ದುಹೋದರು. ಅದಕ್ಕೇ ನಾನು ಅವರ ಪಕ್ಷ ಸೇರಿದೆ.

ವಾರ್ಷಿಕ ಊಟದ ಏರ್ಪಾಡು ಉಪಾಧ್ಯಕ್ಷರದ್ದು.

"ದೊಡ್ಡಸ್ತಿಕೆ ನನಗೆಂತಕ್ಕೆ ಮಾರಾಯ್ರೆ? ಆ ಬಾರ್ ಕೌಂಟರ್ ಒಂದು ಮುಚ್ಚಿಸಿದ್ರೆ ಸಾಕು. ಮಕ್ಕಳು ಸರಿಯಾಗಿ ಮನೆ ಮುಟ್ಟಬೇಕು" ಎಂದರು.

"ಮುಚ್ಚಿದ್ರೆ ಅರ್ಧ ಜನ ಬರಲ್ಲಣ್ಣ. ನಾನೂ ಡೌಟೇ."

"ನೀವು ಬನ್ನಿ, ನಿಮಗೆ ಎರಡು ಗ್ಲಾಸ್ ಪಾನಕ ಕೊಡುವ."

'ಎಂಬಕಸಿ ಅಣ್ಣನಿಗೆ ಹಾಕಿ' ಎಂದು ಮನೆಮನೆ ತಿರುಗಿದೆ. ಹೆಂಗಸರು ಒಬ್ಬರೂ ಇಲ್ಲವೆನ್ನಲಿಲ್ಲ. ಗೆದ್ದೆವು ಅಂದುಕೊಂಡೆ.

ಎಣಿಕೆಗೆ ಕೂತಿದ್ದವರು ಮೈಸೂರಿನ ಒಬ್ಬ ಮ್ಯಾನೇಜರು. ಒಂದೊಂದೇ ಚೀಟಿ ಓದಿದರು: ಎಂಬಕಸಿ ಅಂಕಲ್. ಪ್ರಾರ್ಥನೆ ಮಾಮ. ಮತ್ತೆ ಎಂಬಕಸಿ ಅಂಕಲ್.

"ರಿಜಿಸ್ಟರ್‌ನಲ್ಲಿ ಅಂಕಲ್ ಅಂತ ಮೆಂಬರ್ ಯಾರೂ ಇಲ್ವಲ್ಲ ಸಾರ್!"

ಹಾಲ್ ನಕ್ಕಿತು. ಹಿರಿಯರನ್ನು ಹೆಸರು ಹಿಡಿದು ಕರೆಯದ ಜನ ನಾವು. ಪೆನ್ನು ಕೈಗೆ ಬಂದಾಗ ಹೆಸರೇ ಗೊತ್ತಿರಲಿಲ್ಲ. ನನ್ನ ಹೊಸ ಮೊಬೈಲಿನಲ್ಲೂ ಅವರು 'ಎಂಬಕಸಿ ಅಣ್ಣ'. ಚೀಟಿಯಲ್ಲೂ ನಾನು ಅದನ್ನೇ ಬರೆದಿದ್ದೆ.

ಆ ಚೀಟಿಗಳೆಲ್ಲ ತಿರಸ್ಕೃತವಾದವು. ಎಂಬಕಸಿ ಅಣ್ಣ ಜೇಬಿನಲ್ಲಿದ್ದ ಜಪಮಾಲೆ ಹಿಡಿದು ಕೂತಿದ್ದರು. ಪಕ್ಕದಲ್ಲಿ ಮಗಳು, ಕೂದಲನ್ನು ಹಣೆಯ ಮೇಲೆ ಎಳೆದುಕೊಂಡು. ನೋಡಲಾಗದೆ ಆ ಚೀಟಿಗಳ ಕಟ್ಟನ್ನು ಎತ್ತಿಕೊಂಡು ಉಪಾಧ್ಯಕ್ಷರಾಗಿ ಗೆದ್ದವರ ಹತ್ತಿರ ಹೋದೆ.

"ಇವು ಲೆಕ್ಕಕ್ಕಿಲ್ಲ, ಸರಿ. ಆದ್ರೆ ಇವರೆಲ್ಲ ನಿಮ್ಮ ಊಟಕ್ಕೆ ಬರೋರೇ ಸಾರ್. ಕೌಂಟರ್ ಮುಚ್ಚಿ."

"ಅದೊಂದು ಕೇಳ್ಬೇಡಿ."

ಇನ್ನೂ ಚೌಕಾಸಿ ಮಾಡುತ್ತಿದ್ದೆ. ಅಷ್ಟರಲ್ಲಿ ಎಂಬಕಸಿ ಅಣ್ಣನೇ ಎದ್ದುಬಂದರು. "ಕೌಂಟರ್ ಇರಲಿ. ಗೇಟು ನನಗೆ ಕೊಡಿ."

ಕೊಟ್ಟರು. ಆ ವರ್ಷ ಊಟದ ದಿನ ಅವರು ಗೇಟಿನಲ್ಲಿ ನಿಂತು, ಕುಡಿದವರ ಕಾರಿನ ಕೀಲಿ ಇಸಿದುಕೊಂಡು, ಪ್ರಾರ್ಥನೆಯ ಗೆಳೆಯರ ಕೈಲಿ ಒಂದೊಂದೇ ಸಂಸಾರವನ್ನು ಮನೆ ಮುಟ್ಟಿಸಿದರು. ನನ್ನ ಬಾಯಿ ಮೂಸಿ, "ಇದು ಪಾನಕ ಅಲ್ಲ ಮಾರಾಯ್ರೆ" ಎಂದು ಕೈಚಾಚಿದರು. ಕೀಲಿ ಕೊಟ್ಟೆ.

ನೀವು ಯಾರನ್ನಾದರೂ ಹೀಗೆ ನಿಲ್ಲಿಸುವುದಾದರೆ ಪೆನ್ನಿಗೆ ದುಡ್ಡು ಹಾಕಬೇಡಿ. ಹಿಂದಿನ ದಿನ ಪ್ರತಿ ಮನೆಯಲ್ಲೂ ಒಂದು ಸಲ ಹೆಸರು ಬರೆಸಿ ನೋಡಿ. ಮೊದಲು ನೀವು ಬರೆಯಿರಿ. ಸೋತರೆ ತಕ್ಷಣ ಹಾಲ್ ಬಿಟ್ಟು ಹೊರಡಬೇಡಿ, ಗೆದ್ದವರ ಕೈ ಆಗಲೇ ಸ್ವಲ್ಪ ಸಡಿಲವಾಗಿರುತ್ತದೆ. ಆಗ ಕುರ್ಚಿ ಕೇಳಬೇಡಿ. ಬೇರೆ ಯಾರೂ ಮಾಡಲೊಲ್ಲದ ಕೆಲಸವನ್ನು ಕೇಳಿ.