ಒಂದೇ ಅಕ್ಷರದ ಇಂಗ್ಲಿಷ್

ಮಕ್ಕಳೇ, ಆಗ ನೀವಿನ್ನೂ ಹುಟ್ಟಿರಲಿಲ್ಲ. ತೊಂಬತ್ತರ ದಶಕದ ಒಂದು ಚಳಿಗಾಲದಲ್ಲಿ ವಾಷಿಂಗ್ಟನ್ ಹತ್ತಿರ ಐಸ್ ಸ್ಕೇಟಿಂಗಿನ ದೊಡ್ಡ ಅಂತರರಾಷ್ಟ್ರೀಯ ಸ್ಪರ್ಧೆ ನಡೆಯಿತು. ಅಲ್ಲೇ ಪಕ್ಕದ ಊರು ಹರ್ನ್‌ಡನ್ನಿನ ಮನೆಯಲ್ಲಿ ನಾನು ಮಾತಿಲ್ಲದೆ ಕೂತಿರುತ್ತೇನೆಂದು ನಿಮ್ಮಮ್ಮ ವಾಲಂಟಿಯರ್ ಪಟ್ಟಿಯಲ್ಲಿ ತನ್ನ ಹೆಸರಿನ ಕೆಳಗೆ ನನ್ನದನ್ನೂ ಬರೆದುಬಿಟ್ಟಳು. ಐಸ್ ಅಂಗಳಕ್ಕೆ ಇಳಿಯುವ ಬಾಗಿಲು ಕಾಯುವುದು ನನ್ನ ಕೆಲಸ.

"ನನಗೆ ಇಂಗ್ಲಿಷ್ ಬರಲ್ಲ ಕಣೇ," ಅಂದೆ.

"ಹೆಸರು ಕೂಗಿದ ತಕ್ಷಣ ಬಾಗಿಲು ತೆಗೆದು 'ಗೋ' ಅನ್ನು. ಒಂದೇ ಅಕ್ಷರ ಕಣಮ್ಮ!" ಎಂದು ನಕ್ಕಳು.

ಆ ಒಂದಕ್ಷರವೇ ನನ್ನ ಬಾಯಿಗೆ ಒಗ್ಗಲಿಲ್ಲ. ಮೊದಲು ಬಂದವಳು ಹದಿನೈದು ವರ್ಷದ ಹುಡುಗಿ. ಬೆಳಗಿನ ಅಭ್ಯಾಸದಲ್ಲಿ ಅವಳು ಎರಡು ಸಲ ಬಿದ್ದಿದ್ದನ್ನು ನಾನೇ ಕಂಡಿದ್ದೆ. ಈಗ ಬಾಗಿಲ ಬಳಿ ಬಗ್ಗಿ ಸ್ಕೇಟಿನ ಲೇಸನ್ನು ಮತ್ತೆ ಮತ್ತೆ ಬಿಗಿಯುತ್ತಿದ್ದಳು. ಹೊರಟು ನಿಂತ ಮಗುವಿಗೆ ಬರೀ 'ಹೋಗು' ಎಂದು ನಮ್ಮಲ್ಲಿ ಯಾರಾದರೂ ಹೇಳುತ್ತಾರೆಯೇ? ಬಾಗಿಲು ತೆಗೆದವಳೇ "ಗೋ ಅಂಡ್ ಕಮ್" ಅಂದುಬಿಟ್ಟೆ.

"ಕಮ್?" ಎಂದು ಹುಡುಗಿ ತಿರುಗಿ ನೋಡಿದಳು. ನಾನು ಅಂಗಳದತ್ತ ಕೈ ತೋರಿಸಿ, ಮತ್ತೆ ನನ್ನ ಕಾಲ ಬಳಿಯ ನೆಲ ತೋರಿಸಿದೆ. ಅರ್ಥವಾಯಿತೇನೋ, ಫಕ್ಕನೆ ನಕ್ಕಳು. ನಗುತ್ತಲೇ ಜಾರಿಕೊಂಡು ಹೋದಳು.

ನೋಡಲು ಧೈರ್ಯವಾಗದೆ ಕಣ್ಣು ಮುಚ್ಚಿಕೊಂಡೆ. ಚಪ್ಪಾಳೆ ಕೇಳಿ ತೆರೆದರೆ ಅವಳು ನೇರ ನನ್ನ ಬಾಗಿಲಿಗೇ ಬರುತ್ತಿದ್ದಳು. ಒಮ್ಮೆಯೂ ಬೀಳಲಿಲ್ಲವಂತೆ. ನಾನು ತೋರಿಸಿದ್ದ ಜಾಗದಲ್ಲೇ ನಿಂತು, ಏದುಸಿರು ಬಿಡುತ್ತಾ, "ಐ ಕೇಮ್" ಅಂದಳು.

ಆಮೇಲೆ ಬಂದವರಿಗೆಲ್ಲ ನಾನು ಹಾಗೆಯೇ ಹೇಳಿದೆ, ಪಕ್ಕದಲ್ಲಿದ್ದ ನಿಮ್ಮಮ್ಮ ಎಷ್ಟು ತಿವಿದರೂ.